ಮೊದಲ ತ್ಸುಬಾ ಕೊಳ್ಳುವ ಮುಂಚೆ: ಜಪಾನಿನ ಹಳೇ ಕತ್ತಿಬಿಲ್ಲೆಗಳ ಸಂಗ್ರಹ ಶುರುಮಾಡುವ ಕ್ರಮ

ತ್ಸುಬಾ ಕೊಂಡ ಮೇಲೆ ಫೋಟೋ ಕಳಿಸಿ "ಇದು ಅಸಲಿನಾ ನೋಡಿ ಹೇಳಿ" ಅನ್ನುವವರು ತುಂಬಾ ಜನ. ಕೊಳ್ಳುವ ಮುಂಚೆ ಕೇಳುವವರನ್ನು ಬೆರಳಲ್ಲಿ ಎಣಿಸಬಹುದು. ಬಂದ ಫೋಟೋಗಳಲ್ಲಿ ಸುಮಾರು ಅಚ್ಚಿನಲ್ಲಿ ಹೊಯ್ದ ಎರಕದ ನಕಲಿಗಳು. ಇನ್ನು ಕೆಲವು ಅಸಲಿಯೇ, ಆದರೆ ಕೊಂಡವರೇ ಉಜ್ಜಿ ತೊಳೆದು ಹಾಳುಮಾಡಿರುತ್ತಾರೆ. ಎರಡಕ್ಕೂ ಕಾರಣ ಒಂದೇ: ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡುತ್ತಾರೆ. ಅದಕ್ಕೇ ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಒತ್ತು ಕ್ರಮಕ್ಕೆ ಕೊಟ್ಟಿದ್ದೇನೆ. ಹಂತಗಳನ್ನು ದಾಟಿಸಬೇಡಿ.

ತ್ಸುಬಾ ಅಂದರೆ ಜಪಾನಿನ ಕತ್ತಿಯಲ್ಲಿ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆ. ಕೈ ಅಲಗಿನ ಮೇಲೆ ಜಾರದ ಹಾಗೆ ತಡೆಯುತ್ತದೆ. ಕತ್ತಿಯಿಂದ ಬಿಚ್ಚಿ ತೆಗೆಯಬಹುದು, ಹಾಗಾಗಿ ಬಿಡಿಯಾಗಿಯೇ ಮಾರಾಟವಾಗುತ್ತದೆ. 1876ರಲ್ಲಿ ಜಪಾನ್ ಸರ್ಕಾರ ಕತ್ತಿ ಧರಿಸುವುದನ್ನು ನಿಷೇಧಿಸಿತು. ಆಮೇಲೆ ಲೆಕ್ಕವಿಲ್ಲದಷ್ಟು ಬಿಲ್ಲೆಗಳು ಹೊರದೇಶಗಳಿಗೆ ಹೋದವು. ಜೊತೆಗೆ ವಿದೇಶಿ ಗಿರಾಕಿಗಳಿಗೆಂದೇ ಮಾಡಿದ ಮಾಲೂ ಹೋಯಿತು. ಇವತ್ತಿನ ಮಾರುಕಟ್ಟೆಯಲ್ಲಿ ಎರಡೂ ಕಲಸಿಹೋಗಿವೆ. ಇತಿಹಾಸ ಸದ್ಯಕ್ಕೆ ಇಷ್ಟು ಸಾಕು.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಬೇಕೇ ಬೇಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಅಕ್ಕಸಾಲಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮೊಬೈಲ್ ಕ್ಯಾಮೆರಾದ ಜೂಮ್ ಇದಕ್ಕೆ ಬದಲಿ ಆಗುವುದಿಲ್ಲ.

ಒಂದು ಸಣ್ಣ ಎಲ್‌ಇಡಿ ಟಾರ್ಚ್. ಒಂದು ವರ್ನಿಯರ್ ಕ್ಯಾಲಿಪರ್, ಪ್ಲಾಸ್ಟಿಕ್‌ನದಾದರೆ ಒಳ್ಳೆಯದು, ಸ್ಟೀಲಿನದು ಗೀರು ಹಾಕುತ್ತದೆ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಪಂಚೆಯ ತುಂಡುಗಳು. ಒಂದು ನೋಟ್‌ಬುಕ್ಕು. ಇವೆಲ್ಲ ಸೇರಿದರೂ ಒಂದು ನಕಲಿ ತ್ಸುಬಾದ ಬೆಲೆಗಿಂತ ಕಡಿಮೆಗೇ ಬರುತ್ತವೆ.

## ಹಂತ 1: ಮೂರು ತಿಂಗಳು ಬರೀ ನೋಡಿ

ಇದನ್ನೇ ಎಲ್ಲರೂ ಬಿಟ್ಟುಬಿಡುವುದು. ಮೂರು ತಿಂಗಳು ದುಡ್ಡು ಮುಟ್ಟಬೇಡಿ. ದಿನಕ್ಕೆ ಹತ್ತೇ ನಿಮಿಷ, ಅಸಲಿ ಎಂದು ಖಾತ್ರಿಯಾಗಿರುವ ತ್ಸುಬಾಗಳನ್ನು ಮಾತ್ರ ನೋಡಿ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಆಕ್ಸ್‌ಫರ್ಡಿನ ಆಶ್ಮೋಲಿಯನ್ ಎಲ್ಲದರ ಬಳಿಯೂ ತ್ಸುಬಾ ಸಂಗ್ರಹ ಇದೆ. ಅವುಗಳ ಜಾಲತಾಣದಲ್ಲಿ ತ್ಸುಬಾ ಅಂತ ಹುಡುಕಿದರೆ ಚಿತ್ರಗಳು ಬರುತ್ತವೆ. ಮೆಟ್ರೊಪಾಲಿಟನ್ನಿನವನ್ನು ದೊಡ್ಡದು ಮಾಡಿ ನೋಡಬಹುದು, ಇಳಿಸಿಯೂ ಇಟ್ಟುಕೊಳ್ಳಬಹುದು. ಟೋಕಿಯೊಗೆ ಹೋಗುವವರಿದ್ದರೆ ರ್ಯೋಗೊಕುವಿನಲ್ಲಿರುವ ಜಪಾನಿ ಕತ್ತಿ ಮ್ಯೂಸಿಯಂಗೆ ಅರ್ಧ ದಿನ ಇಡಿ. ಹತ್ತಿರದಲ್ಲೇ ಆಗಬೇಕು ಅಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಜಪಾನ್ ವಿಭಾಗ ನೋಡಿ ಬನ್ನಿ. ಜಪಾನಿ ಕೈಕೆಲಸದ ರುಚಿ ಕಣ್ಣಿಗೆ ಹತ್ತುತ್ತದೆ.

ನೋಡುವ ರೀತಿ ಹೀಗೆ. ದಿನಕ್ಕೆ ಒಂದೇ ತ್ಸುಬಾ. ಅದನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಬರೆಯುವಾಗ ಅಂಚು ಎಷ್ಟು ದಪ್ಪ, ತೂತು ಎಲ್ಲಿದೆ, ಗೆರೆ ಎಲ್ಲಿ ಸಣ್ಣದಾಗುತ್ತದೆ ಅನ್ನುವುದನ್ನು ಕಣ್ಣು ತಾನಾಗಿಯೇ ಹಿಡಿಯುತ್ತದೆ. ಸುಮ್ನೆ ಸ್ಕ್ರಾಲ್ ಮಾಡಿದರೆ ಸಾವಿರ ನೋಡಿದರೂ ಒಂದೂ ನೆನಪಿರುವುದಿಲ್ಲ.

ಈ ಹಂತದ ತಪ್ಪು: ಮಾರಾಟದ ಜಾಹೀರಾತು ನೋಡಿ ಕಲಿಯುವುದು. ಅಲ್ಲಿ ನಕಲಿಗಳೇ ಕಣ್ಣಿಗೆ ಅಭ್ಯಾಸವಾಗಿಬಿಡುತ್ತವೆ. ಆಮೇಲೆ ಅಸಲಿ ಎದುರಿಗೆ ಬಂದಾಗ ಅದೇ ವಿಚಿತ್ರ ಅನ್ನಿಸುತ್ತದೆ.

## ಹಂತ 2: ಭಾಗಗಳ ಹೆಸರು ಬಾಯಿಗೆ ಬರಲಿ

ಹೆಸರು ಗೊತ್ತಿಲ್ಲದಿದ್ದರೆ ಮಾರುವವರಿಗೆ ಸರಿಯಾದ ಪ್ರಶ್ನೆ ಕೇಳಲಾಗದು. ಇಷ್ಟು ಕಲಿತರೆ ಕೆಲಸ ನಡೆಯುತ್ತದೆ.

ನಡುವೆ ಇರುವ ಉದ್ದನೆಯ ತ್ರಿಕೋನದಂಥ ತೂತು ನಕಾಗೊ-ಅನಾ. ಅಲಗಿನ ಬುಡ ಇದರೊಳಗಿಂದ ಹಾದು ಹಿಡಿಗೆ ಹೋಗುತ್ತದೆ. ಅದರ ಸುತ್ತಲಿನ ಮೊಟ್ಟೆಯಾಕಾರದ ಚಪ್ಪಟೆ ಜಾಗ ಸೆಪ್ಪಾ-ದಾಯ್. ಸೆಪ್ಪಾ ಅನ್ನುವ ತೆಳು ವಾಷರ್ ಅಲ್ಲಿ ಒತ್ತಿ ಕೂರುತ್ತದೆ. ಮಾಡಿದವರ ಹೆಸರು ಇದ್ದರೆ ಸಾಮಾನ್ಯವಾಗಿ ಇಲ್ಲೇ ಕೆತ್ತಿರುತ್ತಾರೆ. ಆ ಹೆಸರಿಗೆ ಮೇಯ್ ಅನ್ನುತ್ತಾರೆ.

ನಡುತೂತಿನ ಅಕ್ಕಪಕ್ಕ ಇನ್ನೊಂದೋ ಎರಡೋ ತೂತು ಇರಬಹುದು. ಅವು ಹಿತ್ಸು-ಅನಾ. ಅರ್ಧಚಂದ್ರದಂತಿರುವುದು ಕೊಜುಕಾ ಅನ್ನುವ ಪುಟ್ಟ ಚೂರಿಯ ಹಿಡಿಗೆ. ಮೂರು ದಳದಂತಿರುವುದು ಕೋಗಾಯ್ ಅನ್ನುವ ಕೂದಲು ಸರಿಪಡಿಸುವ ಕಡ್ಡಿಗೆ. ಕೆಲವು ತ್ಸುಬಾಗಳಲ್ಲಿ ಈ ತೂತುಗಳನ್ನು ಬೇರೆ ಲೋಹದಿಂದ ಮುಚ್ಚಿರುತ್ತಾರೆ. ಅದನ್ನು ದೋಷ ಅಂದುಕೊಳ್ಳಬೇಡಿ, ಆ ಕಾಲದಲ್ಲೇ ಇದ್ದ ರೂಢಿ. ಅಂಚಿಗೆ ಮಿಮಿ ಅನ್ನುತ್ತಾರೆ, ಅಂದರೆ ಕಿವಿ. ನಡುತೂತಿನ ಮೇಲೆ ಕೆಳಗೆ ಕೂರಿಸಿದ ತಾಮ್ರದ ಸಣ್ಣ ತುಂಡುಗಳು ಸೆಕಿಗಾನೆ. ತ್ಸುಬಾವನ್ನು ಬೇರೆ ಬೇರೆ ಅಲಗುಗಳಿಗೆ ಬಿಗಿಯಾಗಿ ಹೊಂದಿಸಲು ಅವನ್ನು ಹಾಕುತ್ತಿದ್ದರು.

ಅಳತೆಯೂ ಗೊತ್ತಿರಲಿ. ಉದ್ದ ಕತ್ತಿಯಾದ ಕತಾನಾದ ತ್ಸುಬಾ ಸುಮಾರು 7.5ರಿಂದ 8 ಸೆಂ.ಮೀ. ಇರುತ್ತದೆ. ಚಿಕ್ಕ ಕತ್ತಿ ವಕಿಜಾಶಿಯದು 7 ಸೆಂ.ಮೀ. ಆಸುಪಾಸು ಅಥವಾ ಕಡಿಮೆ. ತಾಂತೊ ಅನ್ನುವ ಬಾಕುವಿನದು ಇನ್ನೂ ಚಿಕ್ಕದು. ಫೋಟೋದಲ್ಲಿ ಎಲ್ಲವೂ ಒಂದೇ ಗಾತ್ರ ಕಾಣಿಸುತ್ತವೆ. ಅಳತೆ ಕೇಳದೆ ಕೊಂಡು, ಬಂದಾಗ ಬೇಜಾರಾದವರು ಬಹಳ.

## ಹಂತ 3: ಒಂದೇ ದಾರಿ ಆರಿಸಿಕೊಳ್ಳಿ

ತ್ಸುಬಾ ಲೋಕ ದೊಡ್ಡದು. ಎಲ್ಲವನ್ನೂ ಒಂದೊಂದು ಕೊಳ್ಳುತ್ತೇನೆ ಅಂದರೆ ಯಾವುದೂ ಅರ್ಥವಾಗುವುದಿಲ್ಲ. ಮೊದಲ ಒಂದೆರಡು ವರ್ಷಕ್ಕೆ ಒಂದು ದಾರಿ ಹಿಡಿಯಿರಿ.

ಮುಖ್ಯವಾಗಿ ಎರಡು ದಾರಿ. ಒಂದು ಕಬ್ಬಿಣ. ಇನ್ನೊಂದು ಮೆದು ಲೋಹಗಳು, ಅಂದರೆ ತಾಮ್ರ, ಹಿತ್ತಾಳೆಯಂಥ ಸೆಂತೊಕು, ಶಕುದೋ, ಶಿಬುಇಚಿ. ಶಕುದೋ ಅಂದರೆ ತಾಮ್ರಕ್ಕೆ ಸ್ವಲ್ಪ ಚಿನ್ನ ಸೇರಿಸಿದ ಮಿಶ್ರಲೋಹ. ಚಿನ್ನ ಸಾಮಾನ್ಯವಾಗಿ ನೂರಕ್ಕೆ ಐದು ಭಾಗ ದಾಟುವುದಿಲ್ಲ. ಮೇಲ್ಮೈಗೆ ರಸಾಯನದ ಹದ ಕೊಟ್ಟಾಗ ನೀಲಿ ಮಿಶ್ರಿತ ಕಪ್ಪು ಬರುತ್ತದೆ, ನೇರಳೆ ಹಣ್ಣಿನ ಸಿಪ್ಪೆಯ ಹಾಗೆ. ಶಿಬುಇಚಿ ಅಂದರೆ ನಾಲ್ಕನೇ ಒಂದು. ತಾಮ್ರಕ್ಕೆ ಬೆಳ್ಳಿ ಸೇರಿಸಿದ್ದು, ಬೂದು ಬಣ್ಣ.

ಹೊಸಬರಿಗೆ ನನ್ನ ಸಲಹೆ ಕಬ್ಬಿಣ. ಅದರಲ್ಲೂ ಸುಕಾಶಿ, ಅಂದರೆ ಕೊರೆದು ಜಾಲರಿಯಂತೆ ಮಾಡಿದ್ದು. ಸುಕಾಶಿಯಲ್ಲಿ ತೂತುಗಳ ಒಳಗೋಡೆ ಕಣ್ಣಿಗೆ ಕಾಣುತ್ತದೆ. ಅಸಲಿ ನಕಲಿ ಗುಟ್ಟು ಬಹುಪಾಲು ಆ ಗೋಡೆಯಲ್ಲೇ ಇರುತ್ತದೆ. ಕಬ್ಬಿಣವನ್ನು ಹಾಳುಮಾಡುವುದೂ ಶಕುದೋದಷ್ಟು ಸುಲಭವಲ್ಲ.

ಕಬ್ಬಿಣದಲ್ಲೂ ಪಂಥಗಳಿವೆ. ಓವಾರಿ ಪ್ರಾಂತ್ಯದ್ದು ಗಟ್ಟಿಮುಟ್ಟು, ಎಡಬಲ ಸಮನಾದ ವಿನ್ಯಾಸ. ಕ್ಯೋಟೊದ ಕ್ಯೋ-ಸುಕಾಶಿಯಲ್ಲಿ ಗೆರೆಗಳು ಸಣ್ಣ, ನಾಜೂಕು. ಹಾಗಿ ಊರಿನ ಚೋಶೂ ಪಂಥದವರು ಎಲೆ, ಹೂವು, ಬಳ್ಳಿಗಳನ್ನು ಉಬ್ಬಿ ನಿಲ್ಲುವಂತೆ ಕೆತ್ತುತ್ತಿದ್ದರು. ಎಡೋ ನಗರದ ಕಡೆಯದು ಬುಶೂ. ಶುರುವಿಗೆ ಚೋಶೂ, ಬುಶೂ, ಇಲ್ಲವೇ ಶೋಆಮಿ ಅನ್ನುವ ಇನ್ನೊಂದು ಪಂಥ ಸರಿ. ಬೇಕಾದಷ್ಟು ಸಿಗುತ್ತವೆ, ಹೋಲಿಸಿ ನೋಡಲು ಆಗುತ್ತದೆ, ಬೆಲೆಯೂ ಕೈಗೆಟಕುತ್ತದೆ. ನೊಬುಇಯೆ, ಕಾನೆಇಯೆಯಂಥ ಹೆಸರಾಂತ ತ್ಸುಬಾ ಕಸುಬುದಾರರ ಹತ್ತಿರ ಸದ್ಯಕ್ಕೆ ಹೋಗಬೇಡಿ. ಆ ಹೆಸರು ಇಟ್ಟುಕೊಂಡ ನಕಲಿಗಳು ಹಿಂದಿನ ಕಾಲದಿಂದಲೇ ಬಂದಿವೆ.

## ಹಂತ 4: ಪರೀಕ್ಷೆ, ಇದೇ ಕ್ರಮದಲ್ಲಿ

ಹೊಸಬರು ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ಹೆಸರು. ಡ್ರ್ಯಾಗನ್ ಚೆನ್ನಾಗಿದೆ, ಹೆಸರೂ ಇದೆ, ಕೊಂಡೇಬಿಟ್ಟರು. ನೀವು ಉಲ್ಟಾ ಹೋಗಿ. ನಡುತೂತಿನಿಂದ ಶುರುಮಾಡಿ, ಹೆಸರನ್ನು ಕೊನೆಗೆ ಇಡಿ.

ಟಾರ್ಚನ್ನು ಮೇಲಿಂದ ಬಿಡಬೇಡಿ. ಮೇಜಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಹಾಯಿಸಿ. ಮೇಲ್ಮೈಯ ಪ್ರತಿ ಉಬ್ಬುತಗ್ಗಿಗೂ ನೆರಳು ಬೀಳುತ್ತದೆ.

ಮೊದಲು ನಕಾಗೊ-ಅನಾ. ಲೂಪನ್ನು ಕಣ್ಣಿಗೆ ಒತ್ತಿ ಹಿಡಿದು ತ್ಸುಬಾವನ್ನು ಹತ್ತಿರ ತನ್ನಿ. ಕತ್ತಿಗೆ ಹಾಕಿ ಬಳಸಿದ ತ್ಸುಬಾ ಆದರೆ ತೂತಿನ ಅಂಚಿನಲ್ಲಿ ಚಾಣದಿಂದ ಹೊಡೆದ ಗುರುತು ಸಾಮಾನ್ಯ. ಸಡಿಲವಾದಾಗ ಲೋಹವನ್ನು ಒಳಕ್ಕೆ ತಳ್ಳಿ ಬಿಗಿ ಮಾಡಿದ್ದು ಅದು. ಅಸಲಿ ಏಟಿನ ಸುತ್ತ ಲೋಹ ಸ್ವಲ್ಪ ಉಬ್ಬಿರುತ್ತದೆ, ಏಟಿನ ಅಂಚು ಚೂಪಾಗಿರುತ್ತದೆ. ಎರಕದಲ್ಲೂ ಏಟಿನ ಗುರುತು ಇರುತ್ತದೆ, ಯಾಕೆಂದರೆ ಅಚ್ಚು ತೆಗೆದ ಮೂಲದಲ್ಲಿ ಅದು ಇತ್ತು. ಆದರೆ ಆ ಗುರುತು ನೀರಲ್ಲಿ ನೆಂದ ಸೋಪಿನ ಮೇಲಿನ ಅಕ್ಷರದ ಹಾಗೆ ಮಸುಕಾಗಿರುತ್ತದೆ. ಈ ಒಂದು ವ್ಯತ್ಯಾಸವನ್ನು ಕಣ್ಣಿಗೆ ಕಲಿಸಿದರೆ ಅರ್ಧ ಗೆದ್ದಂತೆ.

ಸೆಕಿಗಾನೆ ಇದ್ದರೆ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಸಣ್ಣ ಸೇರುಗೆರೆ ಕಾಣಬೇಕು. ಕಬ್ಬಿಣದ್ದೇ ಉಬ್ಬಿಗೆ ತಾಮ್ರದ ಬಣ್ಣ ಬಳಿದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಆಮೇಲೆ ಒಳಗೋಡೆಗಳು. ಸುಕಾಶಿಯ ಪ್ರತಿ ತೂತಿನ ಒಳಗೆ ಟಾರ್ಚ್ ಬಿಡಿ. ಕೈಯಲ್ಲಿ ಕೊರೆದದ್ದಾದರೆ ಮೂಲೆಗಳು ಚೂಪು, ಅಲ್ಲಲ್ಲಿ ಅರದ ಗೆರೆ, ಗೋಡೆ ಹೆಚ್ಚುಕಡಿಮೆ ನೇರ. ಎರಕದ್ದಾದರೆ ಮೂಲೆಗಳು ದುಂಡಗೆ, ಗೋಡೆ ಉಪ್ಪಿನ ಕಾಗದದ ಹಾಗೆ ಒರಟು, ಪುಟ್ಟ ಗುಳ್ಳೆಗುಳಿಗಳು. ಗೋಡೆಯ ನಟ್ಟನಡುವೆ ಸುತ್ತಲೂ ಓಡುವ ಒಂದು ಗೆರೆ ಕಂಡರೆ ಅದು ಅಚ್ಚಿನ ಎರಡು ಹೋಳು ಸೇರಿದ ಜಾಗ. ಮತ್ತೆ ಯೋಚನೆ ಬೇಡ, ವಾಪಸ್ ಕೊಡಿ.

ಮೂರನೆಯದು ಅಂಚು. ಬಡಿದು ಮಾಡಿದ ಕಬ್ಬಿಣದ ಅಂಚಿನಲ್ಲಿ ಕೆಲವೊಮ್ಮೆ ಪದರದ ಗೆರೆ ಕಾಣುತ್ತದೆ. ಹಳೇ ಓವಾರಿ, ಕಾನಯಾಮಾ ಪಂಥಗಳ ತ್ಸುಬಾಗಳ ಅಂಚಿನಲ್ಲಿ ಗಂಟುಗಂಟಾದ ಉಬ್ಬು ಸಿಗಬಹುದು. ಗಟ್ಟಿ ಕಬ್ಬಿಣದ ಭಾಗ ಸವೆಯದೆ ಮೇಲೆದ್ದು ನಿಂತಿರುತ್ತದೆ. ಇದನ್ನು ತೆಕ್ಕೊತ್ಸು ಅನ್ನುತ್ತಾರೆ, ಕಬ್ಬಿಣದ ಮೂಳೆ ಅಂತ ಅರ್ಥ. ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ. ಇದು ಇಲ್ಲದ ಒಳ್ಳೆಯ ತ್ಸುಬಾಗಳೂ ಬೇಕಾದಷ್ಟಿವೆ, ಹಾಗಾಗಿ ಇಲ್ಲದ್ದನ್ನು ದೋಷ ಅನ್ನಬೇಡಿ.

ಮುರಿದ ಜಾಗ ಇದ್ದರೆ ಅಲ್ಲೇ ಜಾಸ್ತಿ ಹೊತ್ತು ನಿಲ್ಲಿ. ಬಡಿದ ಕಬ್ಬಿಣ ಬಾಗುತ್ತದೆ. ಎರಕದ ಕಬ್ಬಿಣ ಕಲ್ಲುಸಕ್ಕರೆಯ ಹಾಗೆ ಟಕ್ಕನೆ ಮುರಿದು ಕಾಳುಕಾಳಾಗಿ ಕಾಣುತ್ತದೆ.

ನಾಲ್ಕನೆಯದು ಮೇಲ್ಮೈ ಮತ್ತು ಕೂರಿಸಿದ ಲೋಹ. ಹಳೇ ಕಬ್ಬಿಣದ ಬಣ್ಣ ಒಂದೇ ಥರ ಇರುವುದಿಲ್ಲ. ಕಪ್ಪು, ಕಂದು, ಎಲ್ಲೋ ನೇರಳೆಯ ಛಾಯೆ, ಸೆಪ್ಪಾ ಒತ್ತಿದ ಜಾಗದಲ್ಲಿ ಬೇರೆಯೇ ಹೊಳಪು. ಗೋಡೆಗೆ ಬಣ್ಣ ಬಳಿದ ಹಾಗೆ ಎಲ್ಲಾ ಕಡೆ ಒಂದೇ ಕಪ್ಪು ಇದ್ದರೆ ಅನುಮಾನ ಪಡಿ. ಮೇಲ್ಮೈ ಪೊರೆಪೊರೆಯಾಗಿ ಎದ್ದು ಗುಳ್ಳೆ ಬಂದಿದ್ದರೆ ಅದು ಬೆಂಕಿಗೆ ಸಿಕ್ಕ ತ್ಸುಬಾ ಇರಬಹುದು. ಅಸಲಿಯೇ ಆದರೂ ಬೆಲೆ ತುಂಬಾ ಇಳಿಯುತ್ತದೆ.

ಚಿನ್ನ ಬೆಳ್ಳಿ ಕೂರಿಸಿದ್ದರೆ ಎರಡು ಲೋಹ ಸೇರುವ ಗಡಿಯನ್ನು ಲೂಪಿನಲ್ಲಿ ನೋಡಿ. ಬಿದರಿ ಕೆಲಸ ಹತ್ತಿರದಿಂದ ನೋಡಿದವರಿಗೆ ಇದು ಸುಲಭ. ಕೊರೆದ ಕುಳಿಯಲ್ಲಿ ಕೂತ ಬೆಳ್ಳಿಗೆ ತನ್ನದೇ ಅಂಚು ಇರುತ್ತದೆ. ಬಳಿದ ಬಣ್ಣಕ್ಕೆ ಅಂಚು ಇರುವುದಿಲ್ಲ, ಅದು ಸಂದಿಯೊಳಗೆ ಹರಿದಿರುತ್ತದೆ. ಮೆದು ಲೋಹದ ತ್ಸುಬಾದಲ್ಲಿ ನನಕೊ ಅನ್ನುವ ಹಿನ್ನೆಲೆ ಇರಬಹುದು. ಮೀನಿನ ಮೊಟ್ಟೆಯಂತೆ ಸಾಲುಸಾಲು ಪುಟ್ಟ ಗುಂಡುಗಳು. ಅಸಲಿಯಲ್ಲಿ ಒಂದೊಂದು ಗುಂಡನ್ನೂ ಒಂದೊಂದು ಏಟಿನಲ್ಲಿ ಮಾಡಿರುತ್ತಾರೆ, ಬಿಡಿಬಿಡಿಯಾಗಿ ಕಾಣುತ್ತವೆ. ನಕಲಿಯಲ್ಲಿ ಗುಂಡುಗಳು ಮುದ್ದೆಯಾಗಿ ಅಂಟಿರುತ್ತವೆ.

ಹಿತ್ಸು-ಅನಾ ವಿನ್ಯಾಸವನ್ನು ಕಡಿದಿದೆಯಾ? ಹೂವಿನ ಅರ್ಧ, ಹಕ್ಕಿಯ ರೆಕ್ಕೆ ತುಂಡಾಗಿ ಅಲ್ಲೊಂದು ತೂತು ಬಂದಿದ್ದರೆ ಅದನ್ನು ಆಮೇಲೆ ಕೊರೆದಿದ್ದಾರೆ. ಹಳೇ ಕಾಲದಲ್ಲೇ ಕೊರೆದಿರಬಹುದು, ಆದರೂ ಬೆಲೆ ಮಾತಾಡುವಾಗ ಇದನ್ನು ಎತ್ತಬೇಕು.

ಇನ್ನು ಶಬ್ದದ ಪರೀಕ್ಷೆ. ದಾರದಲ್ಲಿ ತೂಗಿಸಿ ತಟ್ಟಿದರೆ ಅಸಲಿ ಟಿಣ್ ಅನ್ನುತ್ತದೆ, ನಕಲಿ ಟಪ್ ಅನ್ನುತ್ತದೆ ಅಂತ ಹೇಳುವುದುಂಟು. ನಾನು ಇದನ್ನು ನಂಬುವುದಿಲ್ಲ. ದಪ್ಪ, ತೂತುಗಳು, ಕೂರಿಸಿದ ಲೋಹ ಎಲ್ಲವೂ ಶಬ್ದ ಬದಲಿಸುತ್ತವೆ. ಅಯಸ್ಕಾಂತವೂ ಅಷ್ಟೇ, ಕಬ್ಬಿಣ ಹೌದೋ ಅಲ್ಲವೋ ಅಂತ ಮಾತ್ರ ಹೇಳುತ್ತದೆ. ಎರಕದ ಕಬ್ಬಿಣವೂ ಅಯಸ್ಕಾಂತಕ್ಕೆ ಅಂಟುತ್ತದಲ್ವಾ?

ಕೊನೆಯದಾಗಿ ಚಿತ್ರವನ್ನು ಇಂಟರ್ನೆಟ್‌ನಲ್ಲಿ ಹಾಕಿ ಹುಡುಕಿ. ಅದೇ ವಿನ್ಯಾಸದ ಇನ್ನೊಂದು ಸಿಕ್ಕರೆ ಪರವಾಗಿಲ್ಲ, ಜನಪ್ರಿಯ ವಿನ್ಯಾಸಗಳನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ಆದರೆ ಅದೇ ಜಾಗದಲ್ಲಿ ಅದೇ ಗೀರು, ಅದೇ ಚಾಣದ ಏಟು ಇದ್ದರೆ ಎರಡೂ ಒಂದೇ ಅಚ್ಚಿನಿಂದ ಬಂದವು.

## ಹಂತ 5: ಹೆಸರು ಮತ್ತು ಪ್ರಮಾಣಪತ್ರ

ಹೆಸರಿಲ್ಲದ ತ್ಸುಬಾಗೆ ಮುಮೇಯ್ ಅನ್ನುತ್ತಾರೆ. ಹೆಸರಿಲ್ಲ ಅಂದ ಮಾತ್ರಕ್ಕೆ ಕೀಳಲ್ಲ. ಹಳೇ ಸುಕಾಶಿಗಳಲ್ಲಿ ಬಹುಪಾಲು ಹೆಸರಿಲ್ಲದವೇ. ಸುಳ್ಳು ಹೆಸರಿಗೆ ಗಿಮೇಯ್ ಅನ್ನುತ್ತಾರೆ. ಹೊಸಬರು ಹೆಸರಿಗೆ ದುಡ್ಡು ಕೊಡುತ್ತಾರೆ ಅಂತ ನಕಲಿ ಮಾಡುವವರಿಗೂ ಗೊತ್ತು.

ಹೆಸರಿನ ಕಟ್ಟು ಸಾಮಾನ್ಯವಾಗಿ ಹೀಗಿರುತ್ತದೆ: ಪ್ರಾಂತ್ಯ, ಊರು, "ಜೂ" ಅಂದರೆ ಅಲ್ಲಿ ವಾಸಿಸುವವನು, ಕೊನೆಗೆ ಹೆಸರು. "ಚೋಶೂ ಹಾಗಿ ಜೂ" ಅಂತ ಇದ್ದರೆ ಚೋಶೂವಿನ ಹಾಗಿಯಲ್ಲಿರುವ ಇಂಥವನು ಎಂದರ್ಥ. ಹಿಕೋನೆಯ ಸೋತೆನ್ ಹೆಸರು ಕಂಡರೆ ಮಾತ್ರ ಎರಡು ಸಲ ಯೋಚಿಸಿ. ಯುದ್ಧದ ದೃಶ್ಯ, ಚೀನೀ ಋಷಿಗಳು, ಗುಂಪುಗುಂಪು ಮನುಷ್ಯರು ಇರುವ ಆ ಶೈಲಿ ಎಷ್ಟು ಜನಪ್ರಿಯವಾಯಿತು ಅಂದರೆ ಬೇರೆ ಊರಿನ ಕಾರ್ಖಾನೆಗಳೂ ಅದೇ ಹೆಸರು ಕೊರೆದು ಮಾರಿದವು.

ಜಪಾನಿನಲ್ಲಿ ತ್ಸುಬಾ ಪರೀಕ್ಷಿಸಿ ಪತ್ರ ಕೊಡುವ ಮುಖ್ಯ ಸಂಸ್ಥೆ ಎನ್‌ಬಿಟಿಎಚ್‌ಕೆ, ಅಂದರೆ ಜಪಾನಿ ಕಲಾ ಕತ್ತಿಗಳ ಸಂರಕ್ಷಣಾ ಸಂಘ, 1948ರಲ್ಲಿ ಶುರುವಾದದ್ದು. ರ್ಯೋಗೊಕುವಿನ ಮ್ಯೂಸಿಯಂ ನಡೆಸುವುದೂ ಇವರೇ. ಪತ್ರಗಳಲ್ಲಿ ಮೆಟ್ಟಿಲುಗಳಿವೆ: ಹೊಜೋನ್, ಅದರ ಮೇಲೆ ತೊಕುಬೆತ್ಸು ಹೊಜೋನ್, ಜೂಯೋ, ತೊಕುಬೆತ್ಸು ಜೂಯೋ. ಹೊಸಬರಿಗೆ ಹೊಜೋನ್ ಪತ್ರವಿರುವ ಒಂದು ತ್ಸುಬಾ ಒಳ್ಳೆಯ ಮೊದಲ ಹೆಜ್ಜೆ. ಪತ್ರ ಇದ್ದರೆ ಮೂರು ಕಡೆ ಕಣ್ಣು ಹಾಯಿಸಿ. ಪತ್ರದಲ್ಲಿರುವ ಫೋಟೋ ಈ ತ್ಸುಬಾದ್ದೇನಾ? ಒಂದೊಂದು ಗುಳಿಯನ್ನೂ ಹೋಲಿಸಿ. ಫೋಟೋ ಮೇಲೆ ಮುದ್ರೆ ಇದೆಯಾ? ಪತ್ರ ಯಾವ ಬಗೆಯದು? ಇವತ್ತಿನ ಪದ್ಧತಿ 1982ರಿಂದ ಈಚಿನದು. ಅದಕ್ಕೂ ಹಿಂದಿನ ಕಿಚೋ ಪತ್ರಗಳನ್ನು ಅಷ್ಟೇ ಭರವಸೆಯಿಂದ ತೆಗೆದುಕೊಳ್ಳುವುದಿಲ್ಲ.

ಕೆಲವು ತ್ಸುಬಾಗಳ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ವಿದ್ವಾಂಸರ ಬರಹ ಇರುತ್ತದೆ. ತೊರಿಗೊಯೆ ಕೋದೋ, ಸತೋ ಕಂಜನ್ ಬರೆದ ಪೆಟ್ಟಿಗೆಗಳಿಗೆ ಬೆಲೆ ಇದೆ. ಆದರೆ ಪೆಟ್ಟಿಗೆ ಬೇರೆ, ತ್ಸುಬಾ ಬೇರೆ. ಒಳ್ಳೆಯ ಪೆಟ್ಟಿಗೆಯೊಳಗೆ ಇನ್ನೊಂದನ್ನು ಇಟ್ಟು ಮಾರಲು ಯಾರಿಗೂ ಕಷ್ಟವಿಲ್ಲ. ಬರಹದಲ್ಲಿರುವ ವಿನ್ಯಾಸ, ಆಕಾರ ತಾಳೆಯಾಗುತ್ತಾ ನೋಡಿ.

## ಹಂತ 6: ಕೊಳ್ಳುವುದು ಮತ್ತು ತರಿಸುವುದು

ಮೊದಲ ವರ್ಷಕ್ಕೆಂದು ಇಟ್ಟ ದುಡ್ಡನ್ನೆಲ್ಲ ಒಂದೇ ತ್ಸುಬಾಗೆ ಹಾಕಿ. ಅಗ್ಗದ ಐದು ಬೇಡ. ಹರಾಜಿನಿಂದ ಶುರುಮಾಡಬೇಡಿ, ತ್ಸುಬಾಗಳನ್ನೇ ಮಾರುವ, ವಾಪಸ್ ತೆಗೆದುಕೊಳ್ಳುವ ವ್ಯಾಪಾರಿಯಿಂದ ಶುರುಮಾಡಿ. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಅಲ್ಲಿ ಜಪಾನಿ ಕತ್ತಿಗಳ ಮೇಳಗಳು ನಡೆಯುತ್ತವೆ. ಒಂದು ದಿನದಲ್ಲಿ ನೂರಾರು ತ್ಸುಬಾ ಕೈಯಲ್ಲಿ ಹಿಡಿದು ನೋಡಬಹುದು. ಮೊದಲ ಮೇಳಕ್ಕೆ ಪರ್ಸ್ ಮನೆಯಲ್ಲಿಟ್ಟು ಹೋಗಿ.

ಕೊಳ್ಳುವ ಮುಂಚೆ ಮಾರುವವರಿಗೆ ಇಷ್ಟು ಕೇಳಿ: ಅಗಲ, ಎತ್ತರ, ದಪ್ಪ, ತೂಕ, ಎರಡೂ ಮುಖದ ಫೋಟೋ, ಅಂಚಿನ ಫೋಟೋ, ನಡುತೂತಿನ ಹತ್ತಿರದ ಫೋಟೋ, ದುರಸ್ತಿ ಏನಾದರೂ ಆಗಿದೆಯಾ, ಎಷ್ಟು ದಿನದೊಳಗೆ ವಾಪಸ್ ಕೊಡಬಹುದು. ಅಂಚಿನ ಫೋಟೋ ಕೇಳಿದಾಗ ತಡವರಿಸಿದರೆ ಅದೇ ಎಚ್ಚರಿಕೆಯ ಗಂಟೆ. "ಅಜ್ಜ ಯುದ್ಧದಿಂದ ತಂದದ್ದು", "ಸಮುರಾಯ್ ಮನೆತನದ್ದು" ಅನ್ನುವ ಕಥೆ ಉದ್ದವಾಗಿ, ಅಳತೆ ಮಾತ್ರ ಇಲ್ಲದಿದ್ದರೂ ಅಷ್ಟೇ.

ಭಾರತಕ್ಕೆ ತರಿಸುವವರು ಎರಡು ವಿಷಯ ತಿಳಿದಿರಬೇಕು. ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೆ ಕಸ್ಟಮ್ಸ್‌ನಲ್ಲಿ 9706 ಅನ್ನುವ ಬೇರೆ ಶೀರ್ಷಿಕೆ ಇದೆ. ಇನ್‌ವಾಯ್ಸ್‌ನಲ್ಲಿ ವಸ್ತುವಿನ ಕಾಲ, ಲೋಹ, ನಿಜವಾದ ಬೆಲೆ, "ಅಲಗು ಇಲ್ಲ, ಬಿಲ್ಲೆ ಮಾತ್ರ" ಅನ್ನುವುದನ್ನು ಸ್ಪಷ್ಟವಾಗಿ ಬರೆಸಿ. ಬರೀ "ಕತ್ತಿಯ ಭಾಗ" ಅಂತ ಬರೆದರೆ ಪಾರ್ಸೆಲ್ ಆಯುಧದ ಅನುಮಾನದಲ್ಲಿ ನಿಂತುಬಿಡಬಹುದು. ಬೆಲೆ ಕಡಿಮೆ ತೋರಿಸಬೇಡಿ. ಕಳೆದುಹೋದರೆ ವಿಮೆ ಸಿಗುವುದೂ ಅಷ್ಟಕ್ಕೇ.

ಎರಡನೆಯದು ಇದಕ್ಕಿಂತ ಮುಖ್ಯ. ನಮ್ಮಲ್ಲಿ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದಕ್ಕೆ ಅದು ತಡೆ ಹಾಕುತ್ತದೆ. ಅಂದರೆ "ಇಷ್ಟವಾಗದಿದ್ದರೆ ವಾಪಸ್ ಕಳಿಸಿ" ಅನ್ನುವ ಭರವಸೆ ಇಲ್ಲಿರುವವರಿಗೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಪರೀಕ್ಷೆ ಎಲ್ಲಾ ಪಾರ್ಸೆಲ್ ಹೊರಡುವ ಮುಂಚೆಯೇ ಮುಗಿಯಬೇಕು. ಪರಿಚಯದವರು ಯಾರಾದರೂ ಜಪಾನಿನಲ್ಲೋ ಅಮೆರಿಕದಲ್ಲೋ ಇದ್ದರೆ ಅವರ ಮನೆಗೆ ತರಿಸಿ, ವಿಡಿಯೋ ಕರೆಯಲ್ಲಿ ಪಕ್ಕದ ಬೆಳಕು ಹಿಡಿಸಿ ನೋಡಿ. ಆಮೇಲೆ ಇಲ್ಲಿಗೆ ತರುವ ನಿರ್ಧಾರ ಮಾಡಿ.

## ಹಂತ 7: ಮನೆಗೆ ಬಂದ ದಿನ ಏನನ್ನೂ ತೊಳೆಯಬೇಡಿ

ಇದು ನನಗೆ ನೋವಿನ ವಿಷಯ. ನಮ್ಮ ಮನೆಯಲ್ಲೇ ಆದದ್ದು. ಆಯುಧ ಪೂಜೆಯ ಹಿಂದಿನ ದಿನ ಮನೆಯ ಕತ್ತಿ, ಮಚ್ಚು, ಹಿತ್ತಾಳೆ ಸಾಮಾನು ಎಲ್ಲ ತೊಳೆಯುತ್ತಿದ್ದರು. ಮೇಜಿನ ಮೇಲೆ ನನ್ನ ಶಕುದೋ ತ್ಸುಬಾ ಇತ್ತು. ಕಪ್ಪಗಾಗಿದೆ ಪಾಪ ಅಂತ ಪ್ರೀತಿಯಿಂದಲೇ ಹುಣಸೆಹಣ್ಣು ಹಾಕಿ ತಿಕ್ಕಿದರು. ಬಟ್ಟೆಯಲ್ಲಿ ಒರೆಸಿ ತಂದುಕೊಟ್ಟಾಗ ಒಂದು ಪಕ್ಕ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಆ ನೀಲಿಗಪ್ಪು ಇದ್ದದ್ದು ಕೂದಲೆಳೆಗಿಂತ ತೆಳುವಾದ ಪೊರೆಯಲ್ಲಿ. ಅದೇ ಹೋಯಿತು. ಅದನ್ನು ಮತ್ತೆ ತರಲು ಜಪಾನಿನಲ್ಲಿ ನುರಿತವರು ವಿಶೇಷ ದ್ರಾವಣದಲ್ಲಿ ಕುದಿಸುತ್ತಾರೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ತಪ್ಪು ನನ್ನದು, ಹೊರಗೆ ಇಟ್ಟವನು ನಾನು, ಮನೆಯವರಿಗೆ ಹೇಳದವನೂ ನಾನು.

ಹಾಗಾಗಿ ಮೆದು ಲೋಹಕ್ಕೆ ಒಂದೇ ನಿಯಮ. ಒಣ ಹತ್ತಿಬಟ್ಟೆಯಿಂದ ಹಗುರಾಗಿ ಧೂಳು ಒರೆಸಿ, ಮುಗಿಯಿತು. ಹುಣಸೆ, ನಿಂಬೆ, ಪೀತಾಂಬರಿ, ಬ್ರಾಸೋ, ಟೂತ್‌ಪೇಸ್ಟ್, ವಿಭೂತಿ ಯಾವುದೂ ಬೇಡ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ. ಬೆವರಿನ ಉಪ್ಪಿನಿಂದ ಬೆರಳಚ್ಚು ಕಲೆಯಾಗಿ ಉಳಿಯುತ್ತದೆ. ಅರಿಶಿನ ಕುಂಕುಮವನ್ನೂ ಹಚ್ಚಬೇಡಿ. ಪೂಜೆಗೆ ಇಡುವುದಾದರೆ ಪೆಟ್ಟಿಗೆ ಮುಚ್ಚಿಯೇ ಇಡಿ, ಹೂವು ಪೆಟ್ಟಿಗೆಯ ಮೇಲೆ.

ಕಬ್ಬಿಣದ ವಿಷಯ ಸ್ವಲ್ಪ ಬೇರೆ. ಕಪ್ಪು-ಕಂದು ಪೊರೆಯೂ ಒಂದು ಥರದ ತುಕ್ಕೇ, ಆದರೆ ಅದು ಕಾಪಾಡುವ ತುಕ್ಕು. ಕೆಂಪು ತುಕ್ಕು ತಿನ್ನುವ ತುಕ್ಕು. ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಇಟ್ಟಿಗೆ ಬಣ್ಣದ ಪುಡಿ ಅಂಟಿದರೆ ತುಕ್ಕು ಇನ್ನೂ ಜೀವಂತ ಇದೆ. ಅಂಟದಿದ್ದರೆ ಏನೂ ಮಾಡಬೇಡಿ.

ಕೆಂಪು ತುಕ್ಕು ಇದ್ದರೆ ಕ್ರಮ ಹೀಗೆ. ಮೊದಲು ಮೆತ್ತಗಿನ ಒಣ ಟೂತ್‌ಬ್ರಷ್‌ನಿಂದ ಸಡಿಲ ಪುಡಿ ತೆಗೆಯಿರಿ. ಆಮೇಲೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆಯನ್ನು ತುಕ್ಕಿನ ಮೇಲೆ ಮಾತ್ರ ಹಚ್ಚಿ ಒಂದು ದಿನ ಬಿಡಿ. ಮರುದಿನ ಬಿದಿರುಕಡ್ಡಿಯನ್ನು ಉಳಿಯ ತುದಿಯಂತೆ ಕೆತ್ತಿ, ಕೆಂಪಗಿರುವ ಜಾಗವನ್ನಷ್ಟೇ ಕೆರೆಯಿರಿ. ಗಟ್ಟಿ ತುಕ್ಕಿಗೆ ಚೆನ್ನಾಗಿ ಬೇಯಿಸಿ ಒಣಗಿಸಿದ ಮೂಳೆಯ ಚೂರು ಒಳ್ಳೆಯದು. ತುಕ್ಕಿಗಿಂತ ಗಟ್ಟಿ, ಕಬ್ಬಿಣಕ್ಕಿಂತ ಮೆದು. ಹೊರದೇಶದ ಪುಸ್ತಕಗಳು ಜಿಂಕೆಯ ಕೊಂಬು, ಆನೆಯ ದಂತ ಬಳಸಿ ಅನ್ನುತ್ತವೆ. ನಮ್ಮಲ್ಲಿ ಎರಡರ ವ್ಯಾಪಾರವೂ ವನ್ಯಜೀವಿ ಕಾಯ್ದೆಯಡಿ ಅಪರಾಧ, ತರಿಸಲು ಹೋಗಬೇಡಿ. ಕೆಲಸ ಮುಗಿದ ಮೇಲೆ ಎಣ್ಣೆಯ ಪಸೆ ಒಂದಿಷ್ಟೂ ಉಳಿಯದ ಹಾಗೆ ಒರೆಸಿ. ಒಂದು ತ್ಸುಬಾಗೆ ತಿಂಗಳುಗಟ್ಟಲೆ ಹಿಡಿಯಬಹುದು. ಸಂಜೆ ಹತ್ತು ನಿಮಿಷ, ಅಷ್ಟೇ.

ಚಿನ್ನದ ತೆಳುಹಾಳೆ ಕೂರಿಸಿದ ಕಬ್ಬಿಣವಾದರೆ ಕೂರಿಸಿದ ಜಾಗದ ಹತ್ತಿರ ಕೆರೆಯಲೇಬೇಡಿ, ಹಾಳೆ ಎದ್ದುಬರುತ್ತದೆ. ತುಕ್ಕು ತೆಗೆಯುವ ದ್ರಾವಣ, ಸ್ಟೀಲ್ ಉಣ್ಣೆ, ಮರಳುಕಾಗದ, ವಿನೆಗರ್ ಯಾವತ್ತೂ ಬೇಡ. ಕೊಬ್ಬರಿ ಎಣ್ಣೆಯೂ ಬೇಡ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ.

## ಹಂತ 8: ಇಡುವ ಜಾಗ

ಜಪಾನಿನಲ್ಲಿ ಕಿರಿ ಅನ್ನುವ ಹಗುರ ಮರದ ಪೆಟ್ಟಿಗೆ ಬಳಸುತ್ತಾರೆ. ಒಳಗೆ ಮೆತ್ತೆ, ನಡುತೂತಿಗೆ ಹೊಂದುವ ಗೂಟ. ತ್ಸುಬಾ ಅಲುಗಾಡದೆ ಕೂರುತ್ತದೆ. ಒಂದೊಂದಕ್ಕೆ ಒಂದೊಂದು ಪೆಟ್ಟಿಗೆ.

ಪೆಟ್ಟಿಗೆ ಸಿಗದಿದ್ದರೆ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ಪಾಲಿಥೀನ್ ಜಿಪ್ ಕವರ್‌ನಲ್ಲಿ ಇಡಿ. ಓಕ್ ಮರ, ಎಂಡಿಎಫ್, ಅಗ್ಗದ ಪ್ಲೈವುಡ್ ಪೆಟ್ಟಿಗೆಗಳು ಹುಳಿ ಆವಿ ಬಿಡುತ್ತವೆ, ಲೋಹಕ್ಕೆ ಆಗುವುದಿಲ್ಲ. ರಬ್ಬರ್ ಬ್ಯಾಂಡ್‌ನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ತಾಮ್ರದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಹಾಕಿ, ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಸಿಲಿಕಾ ಜೆಲ್ ಪೊಟ್ಟಣ ತ್ಸುಬಾಗೆ ತಾಗದಿರಲಿ.

## ಹಂತ 9: ಬರೆದಿಡಿ, ಆಮೇಲೆ ಎರಡನೆಯದು

ಬಂದ ದಿನವೇ ದಾಖಲೆ ಮಾಡಿ. ಅಳತೆ, ತೂಕ, ಎರಡೂ ಮುಖ ಮತ್ತು ಅಂಚಿನ ಫೋಟೋ, ಯಾರಿಂದ ಯಾವಾಗ ಎಷ್ಟಕ್ಕೆ, ಕಸ್ಟಮ್ಸ್ ರಸೀದಿ, ಪತ್ರದ ನಕಲು. ಕೊಂಡಾಗ ಇದು ಯಾವ ಪಂಥದ್ದು ಅಂದುಕೊಂಡಿರಿ, ಯಾಕೆ ಹಾಗನ್ನಿಸಿತು ಅನ್ನುವುದನ್ನು ಎರಡು ಸಾಲು ಬರೆಯಿರಿ. ಅದು ತಪ್ಪಾದರೂ ಅಳಿಸಬೇಡಿ, ಕೆಳಗೆ ಹೊಸ ದಿನಾಂಕ ಹಾಕಿ ತಿದ್ದಿ.

ಎರಡನೆಯದನ್ನು ಯಾವಾಗ ಕೊಳ್ಳಬೇಕು ಅಂತ ಕೇಳುತ್ತಾರೆ. ನಾನು ಹೇಳುವುದು ಹೀಗೆ. ಮೊದಲನೆಯದನ್ನು ಮುಚ್ಚಿಟ್ಟು, ನೋಡದೆ, ನೋಟ್‌ಬುಕ್ಕಿನಲ್ಲಿ ನೆನಪಿನಿಂದ ಬರೆಯಿರಿ. ಚಾಣದ ಏಟು ಎಷ್ಟು, ಎಲ್ಲೆಲ್ಲಿ, ಅಂಚು ಎಲ್ಲಿ ದಪ್ಪ, ಯಾವ ಮೂಲೆಯಲ್ಲಿ ಬಣ್ಣ ಕಂದಾಗಿದೆ. ಆಮೇಲೆ ಪೆಟ್ಟಿಗೆ ತೆಗೆದು ಹೋಲಿಸಿ. ಎಲ್ಲಾ ಸರಿಯಾಗಿ ಬಂದ ದಿನ ಎರಡನೆಯದನ್ನು ಹುಡುಕಲು ಶುರುಮಾಡಿ.